ಮೆದುಗಲ್ಲಿನ ದ್ವೀಪ ಮಾಲ್ಟಾ

ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಗೋಜೋ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ದ್ವೈರಾ ಎಂಬ ಜಾಗವಿದೆ. ಸಮುದ್ರದೊಳಕ್ಕೆ ಚಾಚಿಕೊಂಡಿದ್ದ ಬಂಡೆಯನ್ನು ಅಲೆಗಳೇ ಕೊರೆದು ಮಾಡಿದ ಭಾರಿ ಕಮಾನೊಂದು ಅಲ್ಲಿತ್ತು. ನೀಲಿ ಕಡಲಿಗೆ ತೆರೆದ ಬಾಗಿಲಿನಂತಿದ್ದ ಅದನ್ನು 'ಅಜ್ಯೂರ್ ವಿಂಡೋ', ಅಂದರೆ ನೀಲಿ ಕಿಟಕಿ ಎಂದು ಕರೆಯುತ್ತಿದ್ದರು. ಮಾಲ್ಟಾಕ್ಕೆ ಹೋದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ಮರಳುತ್ತಿದ್ದುದು ಕಡಿಮೆ. 2017ರ ಮಾರ್ಚ್ 8ರ ಬೆಳಿಗ್ಗೆ ಬೀಸಿದ ಬಿರುಗಾಳಿಗೆ ಕಮಾನೂ ಅದನ್ನು ಹೊತ್ತಿದ್ದ ಕಂಬವೂ ಒಟ್ಟಿಗೇ ಕುಸಿದು ನೀರಿನ ಪಾಲಾದವು. ಸುದ್ದಿ ಕೇಳಿ ಓಡಿಬಂದ ಜನ ನೋಡಿದ್ದು ಬರಿಯ ಸಮುದ್ರವನ್ನು.

ಕಮಾನನ್ನು ಉರುಳಿಸಿದ್ದು ಅಲೆಗಳೇ ಹೊರತು ಮನುಷ್ಯರಲ್ಲ. ಆದರೂ ಕುಸಿತಕ್ಕೆ ಕೆಲವು ತಿಂಗಳ ಮೊದಲಷ್ಟೇ, ಅದರ ಮೇಲೆ ನಡೆದಾಡಿದವರಿಗೆ 1500 ಯೂರೋವರೆಗೆ ದಂಡ ವಿಧಿಸುವ ಆದೇಶವನ್ನು ಸರ್ಕಾರ ಹೊರಡಿಸಬೇಕಾಗಿ ಬಂದಿತ್ತು. ಆಮೇಲೂ ಹತ್ತುವವರು ಹತ್ತುತ್ತಲೇ ಇದ್ದರು. ನೋಡಲು ಬಂದವರಿಂದ ನೋಡುವ ವಸ್ತುವನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆ ಮಾಲ್ಟಾದ ಪ್ರತಿಯೊಂದು ಪ್ರೇಕ್ಷಣೀಯ ಸ್ಥಳದಲ್ಲೂ ಎದುರಾಗುತ್ತದೆ. ಅದನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ ಈ ದ್ವೀಪ ಹೆಚ್ಚು ಅರ್ಥವಾಗುತ್ತದೆ.

ನೆಲದಡಿಯ ಸಂಪತ್ತು

ಮಾಲ್ಟಾ ಒಂದೇ ದ್ವೀಪವಲ್ಲ. ಮಾಲ್ಟಾ, ಗೋಜೋ, ಕೊಮಿನೊ ಎಂಬ ಮೂರು ಜನವಸತಿಯ ದ್ವೀಪಗಳೂ ಕೆಲವು ನಿರ್ಜನ ಬಂಡೆಗಳೂ ಸೇರಿ ಈ ದೇಶವಾಗಿದೆ. ಇಟಲಿಯ ಸಿಸಿಲಿಯಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರ. ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ಮಹಾನಗರದ ಅರ್ಧದಷ್ಟೂ ಇಲ್ಲ. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ 5 ಲಕ್ಷ 19 ಸಾವಿರ.

ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ದೊಡ್ಡ ಕಾಡಿಲ್ಲ, ಲೋಹದ ಅದಿರಿಲ್ಲ. ಇರುವುದು ಸುಣ್ಣದ ಕಲ್ಲು. ಅದರಲ್ಲಿ ಎರಡು ಮುಖ್ಯ ಬಗೆ. ಒಂದು ಬೂದು ಬಣ್ಣದ, ಹವಳದ ಅಂಶವುಳ್ಳ ಗಟ್ಟಿ ಕಲ್ಲು. ಇನ್ನೊಂದು ಜೇನಿನ ಬಣ್ಣದ ಮೆದುಗಲ್ಲು. ನೆಲದಿಂದ ಎಬ್ಬಿಸುವಾಗ ಗರಗಸಕ್ಕೂ ಸಿಗುವಷ್ಟು ಮೆತ್ತಗಿರುವ ಈ ಕಲ್ಲು ಗಾಳಿಗೆ ಒಡ್ಡಿಕೊಂಡ ಮೇಲೆ ಹೊರಪದರ ಗಟ್ಟಿಯಾಗುತ್ತದೆ. ನಮ್ಮ ಕರಾವಳಿಯಲ್ಲಿ ಮುರಕಲ್ಲು ಕಡಿಯುವುದನ್ನು ಕಂಡವರಿಗೆ ಇದು ಹೊಸತೆನಿಸದು. ಆದರೆ ಉಪ್ಪುಗಾಳಿ, ಮಳೆ, ಬಿಸಿಲು ಒಂದಾದ ಮೇಲೊಂದು ತಗುಲಿದಂತೆ ಆ ಹೊರಪದರ ಹಪ್ಪಳದಂತೆ ಎದ್ದು, ಒಳಗಿನ ಕಲ್ಲು ಹಿಟ್ಟಾಗಿ ಉದುರುತ್ತದೆ. ಕಡಿಯಲು ಸುಲಭವಾದ ಕಲ್ಲು ಸವೆಯುವುದೂ ಸುಲಭ. ಮಾಲ್ಟಾದ ದೇಗುಲಗಳು, ಕೋಟೆಗಳು, ಮನೆಗಳು ಎಲ್ಲವೂ ಈ ಎರಡು ಕಲ್ಲುಗಳ ಕಥೆಯೇ.

ಪಿರಮಿಡ್ಡುಗಳಿಗಿಂತ ಹಿಂದಿನ ದೇಗುಲಗಳು

ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇಲ್ಲಿನ ಶಿಲಾಯುಗದ ದೇಗುಲಗಳಿಗೆ ಸಲ್ಲಬೇಕು. ಗೋಜೋ ದ್ವೀಪದ ಶಾರಾ ಊರಿನಲ್ಲಿರುವ ಜಗಂತೀಯಾ ದೇಗುಲಗಳನ್ನು ಕಟ್ಟಿದ್ದು ಕ್ರಿಸ್ತಪೂರ್ವ 3600ರ ಸುಮಾರಿಗೆ. ಈಜಿಪ್ಟಿನ ಗೀಜಾ ಪಿರಮಿಡ್ಡುಗಳು ಎದ್ದದ್ದು ಅದಾದ ಸಾವಿರ ವರ್ಷಗಳ ನಂತರ. ಲೋಹದ ಉಪಕರಣವನ್ನೇ ಕಾಣದ ಜನ ಇಷ್ಟು ದೊಡ್ಡ ಬಂಡೆಗಳನ್ನು ನಿಲ್ಲಿಸಿದ್ದು ಹೇಗೆ ಎಂದು ಸ್ಥಳೀಯರಿಗೂ ಬೆರಗು. ಹಾಗಾಗಿಯೇ ಅವರಲ್ಲಿ ಒಂದು ಕಥೆ ಹುಟ್ಟಿತು. ದೈತ್ಯ ಹೆಂಗಸೊಬ್ಬಳು ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು, ಅವರೆಯಂಥ ಕಾಳು ತಿನ್ನುತ್ತ, ಈ ಬಂಡೆಗಳನ್ನು ಹೊತ್ತು ತಂದಳಂತೆ. ಜಗಂತೀಯಾ ಎಂಬ ಹೆಸರಿನ ಅರ್ಥವೂ ದೈತ್ಯರಿಗೆ ಸೇರಿದ್ದು ಎಂದೇ.

ಮಾಲ್ಟಾ ದ್ವೀಪದ ದಕ್ಷಿಣದ ಕಡಲಂಚಿನಲ್ಲಿ ಹಜರ್ ಈಮ್ ಮತ್ತು ಇಮ್ನೈದ್ರಾ ಎಂಬ ಎರಡು ದೇಗುಲ ಸಮುಚ್ಚಯಗಳಿವೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಎರಡನ್ನೂ ನೋಡಿದವರಿಗೆ ಕಲ್ಲಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇಮ್ನೈದ್ರಾದ ಹೊರಗೋಡೆ ಗಟ್ಟಿ ಕಲ್ಲಿನದು. ಅದು ಇನ್ನೂ ಬಿಗಿಯಾಗಿದೆ. ಮೆದುಗಲ್ಲಿನ ಹಜರ್ ಈಮ್‌ನ ಬಂಡೆಗಳಲ್ಲಿ ಹುಳು ತಿಂದಂತೆ ತೂತುಗಳು ಬಿದ್ದಿವೆ. ಇಮ್ನೈದ್ರಾದ ಕೆಳಗಿನ ದೇಗುಲಕ್ಕೆ ಇನ್ನೊಂದು ವಿಶೇಷವುಂಟು. ಹಗಲು ಇರುಳು ಸಮವಾಗುವ ದಿನಗಳಂದು ಉದಯಿಸುವ ಸೂರ್ಯನ ಕಿರಣ ಬಾಗಿಲಿನಿಂದ ನೇರವಾಗಿ ಒಳಗಿನ ನಡುದಾರಿಯನ್ನು ಬೆಳಗುತ್ತದೆ.

ಐದು ಸಾವಿರ ವರ್ಷ ಉಳಿದ ಈ ಕಲ್ಲುಗಳಿಗೆ ಒಂದೇ ರಾತ್ರಿಯಲ್ಲಿ ಪೆಟ್ಟು ಬಿದ್ದದ್ದೂ ಉಂಟು. 2001ರ ಏಪ್ರಿಲ್‌ನಲ್ಲಿ ಕಿಡಿಗೇಡಿಗಳು ಇಮ್ನೈದ್ರಾಕ್ಕೆ ನುಗ್ಗಿ 60ರಷ್ಟು ಬಂಡೆಗಳನ್ನು ಕೆಡವಿ, ಒಡೆದು ಹಾಕಿದರು. ಅವನ್ನು ಮತ್ತೆ ಜೋಡಿಸಲಾಯಿತು. ಬಿಸಿಲು ಮಳೆಗಳಿಂದ ರಕ್ಷಿಸಲು 2009ರಲ್ಲಿ ಎರಡೂ ದೇಗುಲಗಳ ಮೇಲೆ ಭಾರಿ ಗುಡಾರಗಳಂಥ ಹೊದಿಕೆ ಹಾಕಲಾಯಿತು. ಆಕಾಶದಡಿ ನಿಂತ ಬಂಡೆಗಳ ಸೊಬಗು ಇದರಿಂದ ಕೆಟ್ಟಿತೆಂದು ಹೇಳುವವರಿದ್ದಾರೆ. ಹೊದಿಕೆ ಇಲ್ಲದಿದ್ದರೆ ಬಂಡೆಗಳೇ ಉಳಿಯವು ಎಂಬುದು ಸಂರಕ್ಷಕರ ಉತ್ತರ.

ದಿನಕ್ಕೆ ಎಂಬತ್ತೇ ಜನ

ನೆಲದ ಮೇಲಿನ ದೇಗುಲಗಳಿಗಿಂತಲೂ ಅಚ್ಚರಿಯದು ನೆಲದ ಕೆಳಗಿದೆ. ರಾಜಧಾನಿ ವಲೆಟ್ಟಾಕ್ಕೆ ಹತ್ತಿರದ ಪಾವೊಲಾ ಪಟ್ಟಣದಲ್ಲಿ 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗಾಗಿ ಅಗೆಯುತ್ತಿದ್ದಾಗ ಗುಹೆಯೊಂದರ ಛಾವಣಿ ತೂತಾಯಿತು. ಕೆಲಸ ನಿಂತೀತೆಂಬ ಭಯದಿಂದ ಅವರು ವಿಷಯವನ್ನು ಮೊದಲಿಗೆ ಮುಚ್ಚಿಟ್ಟರು. ಬಳಿಕ ಬೆಳಕಿಗೆ ಬಂದದ್ದು ಹಲ್ ಸಫ್ಲೀನಿ ಹೈಪೊಜಿಯಮ್ ಎಂಬ, ಮೂರು ಅಂತಸ್ತುಗಳ ಪಾತಾಳ ಸಮಾಧಿ. ಉತ್ಖನನ ನಡೆಸಿದ ಪುರಾತತ್ತ್ವಜ್ಞ ಥೆಮಿಸ್ಟೊಕ್ಲಿಸ್ ಜಮ್ಮಿಟ್ ಅವರು ಇಲ್ಲಿ ಸುಮಾರು 7 ಸಾವಿರ ಜನರ ಅಸ್ಥಿಗಳು ಇದ್ದಿರಬೇಕೆಂದು ಅಂದಾಜು ಮಾಡಿದ್ದರು.

ಕೊಂಬು, ಕಲ್ಲುಗಳ ಉಪಕರಣಗಳಿಂದ ಕೊರೆದ ಈ ಕೋಣೆಗಳಲ್ಲಿ ಕಂಬ, ತೊಲೆ, ಬಾಗಿಲುಗಳನ್ನು ಮೇಲಿನ ದೇಗುಲಗಳಂತೆಯೇ ಕೆತ್ತಲಾಗಿದೆ. ಮೇಲಿನ ದೇಗುಲಗಳ ಛಾವಣಿ ಎಂದೋ ಬಿದ್ದುಹೋಗಿದೆ. ಅದು ಹೇಗಿದ್ದೀತು ಎಂಬುದರ ಸುಳಿವು ಸಿಗುವುದು ಈ ಪಾತಾಳದ ಕೆತ್ತನೆಯಲ್ಲೇ. ಕೆಲವು ಕೋಣೆಗಳ ಮಾಳಿಗೆಯಲ್ಲಿ ಕೆಮ್ಮಣ್ಣಿನಿಂದ ಬರೆದ ಸುರುಳಿ ಚಿತ್ತಾರಗಳು ಇಂದಿಗೂ ಕಾಣುತ್ತವೆ. ಇಲ್ಲಿ ಸಿಕ್ಕ ಅಂಗೈಯಗಲದ 'ಮಲಗಿದ ಮಹಿಳೆ' ಎಂಬ ಮಣ್ಣಿನ ಪ್ರತಿಮೆ ವಲೆಟ್ಟಾದ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿದೆ.

ಈ ಚಿತ್ತಾರಗಳಿಗೆ ಶತ್ರುವಾದದ್ದು ನೋಡುಗರ ಉಸಿರು. ಜನ ಹೆಚ್ಚಾದಂತೆ ಒಳಗಿನ ತೇವ, ಉಷ್ಣ, ಇಂಗಾಲಾಮ್ಲ ಹೆಚ್ಚುತ್ತವೆ. ದೀಪದ ಬೆಳಕಿಗೆ ಪಾಚಿ ಬೆಳೆಯುತ್ತದೆ. 1990ರ ದಶಕದಲ್ಲಿ ವರ್ಷಗಟ್ಟಲೆ ಮುಚ್ಚಿ, ದುರಸ್ತಿ ಮಾಡಿ, 2000ದಲ್ಲಿ ಮತ್ತೆ ತೆರೆದಾಗ ದಿನಕ್ಕೆ 80 ಜನರಿಗೆ ಮಾತ್ರ ಪ್ರವೇಶ ಎಂಬ ನಿಯಮ ಬಂದಿತು. ಒಂದು ಸಲಕ್ಕೆ ಒಳಹೋಗುವವರು ಹತ್ತೇ ಮಂದಿ. ಹೀಗಾಗಿ ಟಿಕೆಟನ್ನು ವಾರಗಳ ಮುಂಚೆಯೇ ಕಾದಿರಿಸಬೇಕು. ಹಠಾತ್ತನೆ ಬಾಗಿಲಿಗೆ ಹೋಗಿ ನಿಂತವರು ನಿರಾಶರಾಗಿ ಮರಳುವುದೇ ಹೆಚ್ಚು.

ಅರಬ್ಬೀ ಮಾತು, ಕ್ರೈಸ್ತ ಪ್ರಾರ್ಥನೆ

ದ್ವೀಪದ ಮಧ್ಯದ ಗುಡ್ಡದ ಮೇಲಿರುವ ಇಮ್ದೀನಾ ಹಳೆಯ ರಾಜಧಾನಿ. ಸುತ್ತ ಕೋಟೆ, ಒಳಗೆ ಓಣಿಗಳು, ಎತ್ತರದ ಜೇನುಬಣ್ಣದ ಗೋಡೆಗಳು. ವಾಸವಾಗಿರುವವರು ಕೆಲವೇ ನೂರು ಜನ. ವಾಹನಗಳಿಗೆ ನಿರ್ಬಂಧ ಇರುವುದರಿಂದ ಇದಕ್ಕೆ 'ಮೌನ ನಗರಿ' ಎಂಬ ಹೆಸರೂ ಬಂದಿದೆ. ಹಗಲಿನಲ್ಲಿ ಪ್ರವಾಸಿಗಳ ಗುಂಪಿನಿಂದ ಮೌನ ಉಳಿಯುವುದಿಲ್ಲ. ಸಂಜೆ ಬಸ್ಸುಗಳು ಹೊರಟುಹೋದ ಮೇಲೆ ಹೋದವರಿಗೆ ಆ ಹೆಸರಿನ ಅರ್ಥ ತಿಳಿಯುತ್ತದೆ. 1693ರ ಭೂಕಂಪದಲ್ಲಿ ಹಾಳಾದ ಇಲ್ಲಿನ ಪ್ರಧಾನ ಇಗರ್ಜಿಯನ್ನು ಮತ್ತೆ ಕಟ್ಟಿದವನು ಮಾಲ್ಟಾದವನೇ ಆದ ವಾಸ್ತುಶಿಲ್ಪಿ ಲೊರೆಂಜೊ ಗಫಾ.

ಇಮ್ದೀನಾ ಎಂಬುದು ಅರಬ್ಬಿಯ ಮದೀನಾ, ಅಂದರೆ ನಗರ. ಕ್ರಿಸ್ತಶಕ 870ರಲ್ಲಿ ಅರಬರು ಈ ದ್ವೀಪವನ್ನು ಗೆದ್ದರು. 1091ರಲ್ಲಿ ಸಿಸಿಲಿಯ ನಾರ್ಮನ್ನರು ಬಂದರು. ಆಳುವವರು ಬದಲಾದರೂ ಮಾತು ಉಳಿಯಿತು. ಇಂದಿನ ಮಾಲ್ಟೀ ಭಾಷೆಯ ಬೇರು ಅರಬ್ಬೀಯದು, ಪದಸಂಪತ್ತಿನ ದೊಡ್ಡ ಪಾಲು ಇಟಲಿಯದು, ಲಿಪಿ ರೋಮನ್. ಬಹುಪಾಲು ಕೆಥೊಲಿಕರಾದ ಇಲ್ಲಿನ ಜನ ಇಗರ್ಜಿಯಲ್ಲಿ ದೇವರನ್ನು ಕರೆಯುವುದು 'ಅಲ್ಲಾ' ಎಂದು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತಕ್ಕೆ 'ರಂದಾನ್' ಎಂದೇ ಹೆಸರು. ಭಾಷೆ ಒಂದು ಮತದ ಆಸ್ತಿಯಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು.

ವೀರಯೋಧರ ನಗರ

ಮಾಲ್ಟಾಕ್ಕೆ ಈಗಿನ ರೂಪ ಕೊಟ್ಟವರು ಸಂತ ಜಾನನ ಹೆಸರಿನ ಯೋಧ ಸಂನ್ಯಾಸಿಗಳು. ರೋಡ್ಸ್ ದ್ವೀಪವನ್ನು ತುರ್ಕರಿಗೆ ಕಳೆದುಕೊಂಡಿದ್ದ ಅವರಿಗೆ 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಈ ದ್ವೀಪವನ್ನು ವಹಿಸಿಕೊಟ್ಟ. ಪ್ರತಿಫಲ ವರ್ಷಕ್ಕೊಂದು ಡೇಗೆ ಹಕ್ಕಿ. ಅವರು ಮೊದಲು ನೆಲೆಸಿದ್ದು ದೊಡ್ಡ ಬಂದರಿನ ಅಂಚಿನ ಬಿರ್ಗು ಪಟ್ಟಣದಲ್ಲಿ. 1565ರ ಮೇ ತಿಂಗಳಲ್ಲಿ ಆಟೊಮನ್ ತುರ್ಕರ ದೊಡ್ಡ ನೌಕಾಪಡೆ ದ್ವೀಪವನ್ನು ಮುತ್ತಿತು. ಸೇಂಟ್ ಎಲ್ಮೊ ಕೋಟೆ ಜೂನ್ 23ರಂದು ಬಿದ್ದಿತು. ಬಿರ್ಗು ಬೀಳಲಿಲ್ಲ. ಸೆಪ್ಟೆಂಬರಿನಲ್ಲಿ ಸಿಸಿಲಿಯಿಂದ ನೆರವು ಬಂದೊಡನೆ ತುರ್ಕರು ಹಿಂದಿರುಗಿದರು. ಆ ವಿಜಯದ ನೆನಪಿನ ಸೆಪ್ಟೆಂಬರ್ 8 ಇಂದಿಗೂ ಅಲ್ಲಿ ರಾಷ್ಟ್ರೀಯ ಹಬ್ಬ.

ಮತ್ತೆ ಇಂಥ ಅಪಾಯ ಬಾರದಿರಲೆಂದು ಮುಖ್ಯಸ್ಥ ಜಾನ್ ದ ಲಾ ವಲೆಟ್ 1566ರ ಮಾರ್ಚ್ 28ರಂದು ಬರಡು ಗುಡ್ಡದ ಮೇಲೆ ಹೊಸ ನಗರಕ್ಕೆ ಶಂಕುಸ್ಥಾಪನೆ ಮಾಡಿದ. ಅವನ ಹೆಸರನ್ನೇ ಹೊತ್ತ ವಲೆಟ್ಟಾ ಅಳತೆ ಹಿಡಿದು ನಿರ್ಮಿಸಿದ ನಗರ. ಬೀದಿಗಳು ಚದುರಂಗದ ಮನೆಗಳಂತೆ ನೇರ. ಪ್ರತಿ ಮನೆಯವರೂ ಮಳೆನೀರಿನ ತೊಟ್ಟಿ ಕಟ್ಟಿಕೊಳ್ಳಲೇಬೇಕೆಂಬ ಕಟ್ಟಳೆ ಅಂದೇ ಇತ್ತು. ಕಂದಕ ಅಗೆದಾಗ ಬಂದ ಕಲ್ಲು ಗೋಡೆಗಳಿಗೆ ಆಯಿತು. ಒಂದು ಚದರ ಕಿಲೋಮೀಟರ್ ಕೂಡ ಇಲ್ಲದ ಈ ನಗರವನ್ನು 1980ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವಲೆಟ್ಟಾದಲ್ಲಿ ಒಂದೇ ಕಟ್ಟಡ ನೋಡಲು ಸಮಯವಿದ್ದರೆ ಸೇಂಟ್ ಜಾನ್ ಇಗರ್ಜಿಯನ್ನು ನೋಡಬೇಕು. 1570ರ ದಶಕದಲ್ಲಿ ಗಿರೊಲಾಮೊ ಕಸ್ಸಾರ್ ಕಟ್ಟಿದ ಈ ಇಗರ್ಜಿ ಹೊರಗಿನಿಂದ ಉಗ್ರಾಣದಂತೆ ಸಾದಾ. ಒಳಗೆ ಬಂಗಾರದ ಬಣ್ಣ, ಮಟ್ಟಿಯಾ ಪ್ರೇತಿ ಬರೆದ ಮಾಳಿಗೆಯ ಚಿತ್ರಗಳು. ನೆಲವೆಲ್ಲ ಬಣ್ಣಬಣ್ಣದ ಅಮೃತಶಿಲೆಯ ಸುಮಾರು 400 ಸಮಾಧಿ ಫಲಕಗಳು. ನಡೆಯುವವರು ನಡೆಯುವುದೇ ಆ ಯೋಧರ ಗೋರಿಗಳ ಮೇಲೆ. ಚೂಪು ಹಿಮ್ಮಡಿಯ ಚಪ್ಪಲಿ ಧರಿಸಿದವರಿಗೆ ಒಳಗೆ ಪ್ರವೇಶವಿಲ್ಲ. ಹಿಮ್ಮಡಿಯ ಒಂದೊಂದು ಕುಕ್ಕೂ ಫಲಕಕ್ಕೆ ಒಂದೊಂದು ಗಾಯ.

ಇದೇ ಇಗರ್ಜಿಯ ಪ್ರಾರ್ಥನಾ ಮಂದಿರದಲ್ಲಿ ಇಟಲಿಯ ಕಲಾವಿದ ಕರವಾಜ್ಜೊ 1608ರಲ್ಲಿ ಬರೆದ 'ಸಂತ ಜಾನನ ಶಿರಚ್ಛೇದ' ಎಂಬ ದೊಡ್ಡ ಚಿತ್ರವಿದೆ. ಕೊಲೆಯ ಆರೋಪ ಹೊತ್ತು ರೋಮಿನಿಂದ ಓಡಿದ್ದ ಆತ 1607ರಲ್ಲಿ ಮಾಲ್ಟಾಕ್ಕೆ ಬಂದು ಯೋಧ ಪದವಿಯನ್ನೂ ಪಡೆದ. ಮತ್ತೆ ಜಗಳವಾಡಿ ಸೆರೆಯಾದ. ಕೋಟೆಯಿಂದ ತಪ್ಪಿಸಿಕೊಂಡ. 1608ರ ಡಿಸೆಂಬರ್ 1ರಂದು ಸಭೆ ಸೇರಿ ಆತನನ್ನು ಸಂಘದಿಂದ ಹೊರಹಾಕಿದ್ದು ಇದೇ ಮಂದಿರದಲ್ಲಿ, ಆತನೇ ಬರೆದ ಚಿತ್ರದ ಎದುರಿನಲ್ಲಿ. ಕರವಾಜ್ಜೊ ತನ್ನ ಹೆಸರು ಬರೆದ ಏಕೈಕ ಚಿತ್ರ ಇದು. ಆ ಹೆಸರನ್ನು ಸಂತನ ಕೊರಳಿನಿಂದ ಹರಿದ ರಕ್ತದಲ್ಲಿ ಮೂಡಿಸಿದ್ದಾನೆ.

ಬಾಂಬು ಸಿಡಿಯದ ದಿನ

1798ರಲ್ಲಿ ನೆಪೋಲಿಯನ್ ಬಂದು ಯೋಧ ಸಂನ್ಯಾಸಿಗಳನ್ನು ಓಡಿಸಿದ. ಎರಡು ವರ್ಷಗಳಲ್ಲಿ ಫ್ರೆಂಚರನ್ನು ಹೊರದೂಡಿ ಬ್ರಿಟಿಷರು ಬಂದರು. ಸೂಯೆಜ್ ಕಾಲುವೆ ತೆರೆದ ಮೇಲೆ ಮಾಲ್ಟಾ ಅವರ ಭಾರತದ ದಾರಿಯಲ್ಲಿನ ತಂಗುದಾಣವಾಯಿತು. 1878ರಲ್ಲಿ ರಷ್ಯಾದೊಡನೆ ಯುದ್ಧವಾದೀತೆಂಬ ಭೀತಿಯಿಂದ ಸುಮಾರು 7 ಸಾವಿರ ಭಾರತೀಯ ಸೈನಿಕರನ್ನು ಹಡಗಿನಲ್ಲಿ ಇಲ್ಲಿಗೆ ತರಲಾಯಿತು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಇಂದಿಗೂ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ತುಕಡಿಗಳೂ ಅದರಲ್ಲಿದ್ದವು. ಯುದ್ಧ ನಡೆಯಲಿಲ್ಲ. ಅದೇ ಶತಮಾನದ ಕೊನೆಗೆ ಸಿಂಧಿ ವ್ಯಾಪಾರಿಗಳು ವಲೆಟ್ಟಾದಲ್ಲಿ ಅಂಗಡಿ ತೆರೆದರು. ಇಂದು ಅಲ್ಲಿನ ಆಸ್ಪತ್ರೆ, ಹೋಟೆಲು, ಬಸ್ಸುಗಳಲ್ಲಿ ಸಾವಿರಾರು ಭಾರತೀಯರು ದುಡಿಯುತ್ತಿದ್ದಾರೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಇಟಲಿಗಳ ವಿಮಾನಗಳು ದ್ವೀಪವನ್ನು ಜಜ್ಜಿಹಾಕಿದವು. 1942ರ ಏಪ್ರಿಲ್ 7ರಂದು ವಲೆಟ್ಟಾದ ರಾಯಲ್ ಒಪೆರಾ ಹೌಸ್ ನೆಲಸಮವಾಯಿತು. ಅದನ್ನು ಮೊದಲಿನಂತೆ ಕಟ್ಟದೆ, ಮುರಿದ ಕಂಬಗಳ ನಡುವೆಯೇ ಬಯಲು ರಂಗಮಂದಿರ ಮಾಡಿ 2013ರಲ್ಲಿ ತೆರೆಯಲಾಯಿತು. ಒಪೆರಾ ಹೌಸ್ ಬಿದ್ದ ಎರಡು ದಿನಕ್ಕೆ ಮೋಸ್ತಾ ಊರಿನ ಇಗರ್ಜಿಯ ಗುಮ್ಮಟವನ್ನು ತೂರಿಕೊಂಡು ಬಾಂಬೊಂದು ಒಳಗೆ ಬಿದ್ದಿತು. ಪ್ರಾರ್ಥನೆಗಾಗಿ 250ಕ್ಕೂ ಹೆಚ್ಚು ಜನ ಸೇರಿದ್ದರು. ಬಾಂಬು ಸಿಡಿಯಲಿಲ್ಲ. ಅದರ ಪ್ರತಿಕೃತಿಯನ್ನು ಈಗ ಇಗರ್ಜಿಯಲ್ಲಿ ನೋಡಬಹುದು. ಜನರ ಸ್ಥೈರ್ಯವನ್ನು ಮೆಚ್ಚಿ ಅದೇ ತಿಂಗಳ 15ರಂದು ಬ್ರಿಟನ್ನಿನ ದೊರೆ ಇಡೀ ದ್ವೀಪಕ್ಕೆ ಜಾರ್ಜ್ ಕ್ರಾಸ್ ಪದಕ ನೀಡಿದ. 1964ರಲ್ಲಿ ಸ್ವತಂತ್ರವಾದ ದೇಶದ ಧ್ವಜದಲ್ಲಿ ಆ ಪದಕ ಇಂದಿಗೂ ಇದೆ.

ಗೋಜೋ ಮತ್ತು ಕೊಮಿನೊ

ಗೋಜೋಕ್ಕೆ ದೋಣಿಯಲ್ಲಿ ಹೋಗಲು ಅರ್ಧ ಗಂಟೆ ಸಾಕು. ಅಲ್ಲಿನ ಮುಖ್ಯ ಪಟ್ಟಣದ ನೆತ್ತಿಯ ಮೇಲೆ ಸಿಟಡೆಲ್ ಕೋಟೆಯಿದೆ. 1551ರಲ್ಲಿ ತುರ್ಕರು ದಾಳಿ ಮಾಡಿ ದ್ವೀಪದ ಸುಮಾರು 5 ಸಾವಿರ ಜನರನ್ನು, ಅಂದರೆ ಬಹುಮಟ್ಟಿಗೆ ಎಲ್ಲರನ್ನೂ, ಗುಲಾಮರನ್ನಾಗಿ ಒಯ್ದರು. ಆಮೇಲೆ ಬಂದು ನೆಲೆಸಿದವರು ರಾತ್ರಿಯನ್ನು ಕೋಟೆಯೊಳಗೇ ಕಳೆಯಬೇಕೆಂಬ ನಿಯಮ 1637ರವರೆಗೆ ಜಾರಿಯಲ್ಲಿತ್ತು. ಕೋಟೆಯ ಗೋಡೆಯ ಮೇಲೆ ನಿಂತರೆ ಇಡೀ ದ್ವೀಪ ಕಣ್ಣಳತೆಯಲ್ಲಿ ಕಾಣುತ್ತದೆ. ಹಗಲೆಲ್ಲ ಹೊಲದಲ್ಲಿ ದುಡಿದು ಸಂಜೆ ಇಷ್ಟೆತ್ತರ ಏರಿ ಬರುತ್ತಿದ್ದವರ ಭಯದ ಅಳತೆಯೂ ಸಿಗುತ್ತದೆ.

ಮಾಲ್ಟಾ, ಗೋಜೋಗಳ ನಡುವಿನ ಕೊಮಿನೊ ಪುಟ್ಟ ದ್ವೀಪ. ಅಲ್ಲಿನ 'ಬ್ಲೂ ಲಗೂನ್' ಎಂಬ ತಿಳಿನೀರಿನ ಕೊಲ್ಲಿಯ ಚಿತ್ರಗಳಲ್ಲಿ ನೀರು ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ಪ್ರತ್ಯಕ್ಷ ಹೋದವರಿಗೆ ಕಂಡದ್ದು ತಲೆಗಳೇ. ಸ್ಥಳೀಯರ ಆಕ್ಷೇಪ ಹೆಚ್ಚಿದ ಮೇಲೆ, 2025ರ ಬೇಸಿಗೆಯಿಂದ ಮುಂಗಡ ನೋಂದಣಿ ಕಡ್ಡಾಯವಾಯಿತು. ಏಕಕಾಲಕ್ಕೆ ಗರಿಷ್ಠ 4 ಸಾವಿರ ಜನ ಎಂಬ ಮಿತಿಯೂ ಬಂದಿತು.

ಹೋಗುವವರಿಗೆ

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲೂ ಜನಸಂದಣಿಯೂ ವಿಪರೀತ. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಹಿತಕರ. ಯುರೋಪಿನ ಷೆಂಗೆನ್ ವೀಸಾ ಇದ್ದರೆ ಸಾಕು. ಮಾಲ್ಟೀಯೊಡನೆ ಇಂಗ್ಲಿಷ್ ಕೂಡ ಆಡಳಿತ ಭಾಷೆಯಾದ್ದರಿಂದ ಮಾತಿಗೆ ತೊಡಕಿಲ್ಲ. ನಮ್ಮಲ್ಲಿಯಂತೆ ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುತ್ತವೆ. ಬಸ್ಸಿನಲ್ಲಿ ಎಲ್ಲೆಡೆ ಹೋಗಬಹುದು. ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ಮಾರ್ಸಾಶ್ಲಾಕ್ ಎಂಬ ಬೆಸ್ತರ ಊರಿನ ಮೀನುಪೇಟೆಯನ್ನು ನೋಡಬೇಕು. ಅಲ್ಲಿನ ಬಣ್ಣದ ದೋಣಿಗಳ ಮುಂಭಾಗದಲ್ಲಿ ಎರಡು ಕಣ್ಣುಗಳಿರುತ್ತವೆ. ಕಡಲಿನ ಕೇಡನ್ನು ದೋಣಿ ತಾನೇ ನೋಡಿ ತಪ್ಪಿಸಿಕೊಳ್ಳಲಿ ಎಂಬ ಹಳೆಯ ನಂಬಿಕೆ ಅದು.

2024ರಲ್ಲಿ ಮಾಲ್ಟಾಕ್ಕೆ ಬಂದ ಪ್ರವಾಸಿಗಳು 35 ಲಕ್ಷಕ್ಕೂ ಹೆಚ್ಚು, ದೇಶದ ಜನಸಂಖ್ಯೆಯ ಆರು ಪಟ್ಟು ಮೀರಿ. ಅವರಿಂದಲೇ ದ್ವೀಪದ ಅನೇಕ ಮನೆಗಳ ಒಲೆ ಉರಿಯುತ್ತದೆ. ಅವರಿಗೆ ಬೇಕಾದ ಹೋಟೆಲುಗಳಿಗಾಗಿ ಅದೇ ಜೇನುಬಣ್ಣದ ಹಳೆಯ ಮನೆಗಳು ಉರುಳುತ್ತಲೂ ಇವೆ. ನದಿಯಿಲ್ಲದ ನಾಡಿನಲ್ಲಿ ಅವರಿಗೂ ಸೇರಿಸಿ ಸಮುದ್ರದ ನೀರನ್ನು ಸಿಹಿ ಮಾಡಬೇಕಾಗಿದೆ. ಬರಬೇಡಿ ಎನ್ನಲು ಮಾಲ್ಟಾಕ್ಕೆ ಸಾಧ್ಯವಿಲ್ಲ. ಎಲ್ಲರೂ ಒಮ್ಮೆಗೇ ಬನ್ನಿ ಎನ್ನಲೂ ಆಗದು. ಹೈಪೊಜಿಯಮ್ಮಿನ ಎಂಬತ್ತು ಟಿಕೆಟು, ದೇಗುಲಗಳ ಮೇಲಿನ ಗುಡಾರ, ಇಗರ್ಜಿಯ ಬಾಗಿಲಲ್ಲಿ ಚಪ್ಪಲಿಯ ತಪಾಸಣೆ, ಇವೆಲ್ಲ ಈ ಇಕ್ಕಟ್ಟಿಗೆ ಅದು ಕಂಡುಕೊಂಡ ಸಣ್ಣ ಸಣ್ಣ ಉತ್ತರಗಳು.

ದ್ವೈರಾಕ್ಕೆ ಈಗಲೂ ಬಸ್ಸು ಹೋಗುತ್ತದೆ. ಕಮಾನು ಇದ್ದ ಜಾಗದಲ್ಲಿ ಮುಳುಗುಗಾರರು ನೀರಿಗಿಳಿದು, ತಳದಲ್ಲಿ ಬಿದ್ದಿರುವ ಬಂಡೆಗಳ ನಡುವೆ ಈಜುತ್ತಾರೆ. ದಡದಲ್ಲಿ ನಿಂತವರು ಹಳೆಯ ಚಿತ್ರವನ್ನು ಕೈಯಲ್ಲಿ ಹಿಡಿದು, ಕಿಟಕಿ ಎಲ್ಲಿತ್ತೆಂದು ಅಂದಾಜು ಮಾಡುತ್ತಾರೆ.